ಓದುಗರ ಪ್ರಶ್ನೆಗಳು: ಸೀತಾಳೆಗಳ ಹುಟ್ಟು ಮತ್ತು ಹಬ್ಬುಗೆ

ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಮರಗಳಲ್ಲಿ ಸೀತಾಳೆ ದಂಡೆ ಇಳಿಬೀಳುತ್ತದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಆರ್ಕಿಡ್‌ಗಳನ್ನು ಕುರಿತ ಹಲವು ಪತ್ರಗಳು ಒಟ್ಟಿಗೇ ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಸ್ಥಳಾಭಾವದಿಂದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ. ಮಲೆನಾಡಿನ ಬಳಕೆಯಂತೆ ಸೀತಾಳೆ ಎಂಬ ಹೆಸರನ್ನು ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳಿಗೆಲ್ಲ ಅನ್ವಯಿಸಿದ್ದೇನೆ; ಸೀತಾಳೆ ದಂಡೆ ಎಂದಾಗ ಮಾತ್ರ ಅದು ಹೂಗೊಂಚಲು ಇಳಿಬೀಳುವ ಒಂದು ನಿರ್ದಿಷ್ಟ ಪ್ರಭೇದ.

ಪ್ರಶ್ನೆ: ನಮ್ಮ ತೋಟದ ಅತ್ತಿ, ಹಲಸು, ನಂದಿ ಮರಗಳ ಮೇಲೆ ಸೀತಾಳೆ ದಟ್ಟವಾಗಿ ಬೆಳೆದಿದೆ. ಅದು ಮರದ ಸಾರ ಹೀರುವ ಬಂದಳಿಕೆ ಎಂದು ಹೇಳಿ ಮರಗಸಿಯ (ನೆರಳುಮರಗಳ ಕೊಂಬೆ ಸವರುವ) ಸಮಯದಲ್ಲಿ ಕೆಲಸದವರು ಕಿತ್ತು ಹಾಕುತ್ತಾರೆ. ಇದು ಸರಿಯೇ? ನೆಲವನ್ನು ಬಿಟ್ಟು ಮರ ಏರುವ ಪ್ರಮೇಯ ಈ ಗಿಡಕ್ಕೆ ಏಕೆ ಬಂತು?
(ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು)

ಉತ್ತರ: ದಯವಿಟ್ಟು ಕೀಳಿಸಬೇಡಿ. ಬಂದಳಿಕೆಯ ಬೇರು ಮರದ ತೊಗಟೆಯನ್ನು ಭೇದಿಸಿಕೊಂಡು ಒಳಗಿಳಿದು, ಮರವು ತನಗಾಗಿ ಸಾಗಿಸುತ್ತಿರುವ ನೀರು ಮತ್ತು ಲವಣಗಳನ್ನು ಕಸಿದುಕೊಳ್ಳುತ್ತದೆ. ಸೀತಾಳೆಯ ಬೇರು ತೊಗಟೆಯ ಮೇಲ್ಮೈಗೆ ಅಂಟಿಕೊಳ್ಳುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಅದಕ್ಕೆ ಮರದಿಂದ ಬೇಕಾಗಿರುವುದು ನಿಲ್ಲಲು ಒಂದು ಜಾಗ ಮಾತ್ರ. ನೀರನ್ನು ಅದು ಮಳೆ, ಮಂಜು ಮತ್ತು ತೊಗಟೆಯ ಮೇಲೆ ಹರಿದು ಬರುವ ತೇವದಿಂದ ಪಡೆಯುತ್ತದೆ. ಲವಣಗಳನ್ನು ಕೊಂಬೆಯ ಕವಲಿನಲ್ಲಿ ಕೊಳೆತ ತರಗೆಲೆ, ಪಾಚಿ, ಧೂಳುಗಳಿಂದ ಪಡೆಯುತ್ತದೆ.

ಬಿಸಿಲಿರುವ ಒಂದು ದಿನ ಕೈಗೆಟಕುವ ಕೊಂಬೆಯಲ್ಲಿರುವ ಸೀತಾಳೆಯ ಬೇರನ್ನು ಹತ್ತಿರದಿಂದ ನೋಡಿ. ಒಣಗಿರುವಾಗ ಅದು ಬೆಳ್ಳಿಯ ಬಣ್ಣದ ಬೂದು ಬಿಳುಪಾಗಿರುತ್ತದೆ, ತುದಿ ಮಾತ್ರ ಹಸಿರಾಗಿರುತ್ತದೆ. ಅದರ ಮೇಲೆ ಸ್ವಲ್ಪ ನೀರು ಹನಿಸಿದರೆ ನೋಡುತ್ತಿರುವಂತೆಯೇ ಆ ಬಿಳುಪು ಮಾಯವಾಗಿ ಬೇರಿಗೆ ಬೇರೇ ಹಸಿರಾಗುತ್ತದೆ. ಬೇರಿನ ಹೊರಭಾಗದಲ್ಲಿ ಸತ್ತ ಜೀವಕೋಶಗಳ ಒಂದು ಹೊದಿಕೆಯಿದ್ದು, ಅದಕ್ಕೆ ವೆಲಾಮೆನ್ ಎಂದು ಹೆಸರು. ಒಣಗಿದಾಗ ಆ ಕೋಶಗಳಲ್ಲಿ ಗಾಳಿ ತುಂಬಿರುತ್ತದೆ. ಮಳೆಯ ಮೊದಲ ಹನಿಗಳು ಬಿದ್ದೊಡನೆ ಅವು ನೀರನ್ನು ಹೀರಿ ಹಿಡಿದುಕೊಳ್ಳುತ್ತವೆ, ಆಗ ಅವುಗಳ ಮೂಲಕ ಒಳಗಿನ ಹಸಿರು ಕಾಣುತ್ತದೆ. ಆ ಹಸಿರು ಎಲೆಯ ಹಸಿರೇ. ಸೀತಾಳೆಯ ಬೇರು ಆಹಾರವನ್ನೂ ತಯಾರಿಸಬಲ್ಲದು. ಪಶ್ಚಿಮ ಘಟ್ಟದಲ್ಲೇ ಇರುವ ಟೀನಿಯೋಫಿಲಮ್ ಎಂಬ ಪುಟ್ಟ ಆರ್ಕಿಡ್ ಎಲೆಗಳನ್ನೇ ಕೈಬಿಟ್ಟು, ತೊಗಟೆಯ ಮೇಲೆ ಹರಡಿದ ಹಸಿರು ಬೇರುಗಳಿಂದಲೇ ಜೀವನ ನಡೆಸುತ್ತದೆ.

ಇನ್ನು ಮರ ಏರಿದ ಬಗೆ. ಆರ್ಕಿಡ್‌ಗಳ ಪೂರ್ವಜರು ನೆಲದ ಗಿಡಗಳು. ಇಂದು ಅವುಗಳ ಒಟ್ಟು ಪ್ರಭೇದಗಳಲ್ಲಿ ಸುಮಾರು ಶೇ. 70ರಷ್ಟು ಮರವಾಸಿಗಳು. ಎಪಿಡೆಂಡ್ರಾಯ್ಡೀ ಎಂಬ ಅತಿ ದೊಡ್ಡ ಉಪಕುಟುಂಬದಲ್ಲಿ ಈ ಏರಿಕೆ ಒಂದೇ ಸಲವಲ್ಲ, ಬೇರೆ ಬೇರೆ ಕವಲುಗಳಲ್ಲಿ ಹಲವು ಬಾರಿ ನಡೆದಿದೆ. ದಟ್ಟ ಕಾಡಿನ ನೆಲದಲ್ಲಿ ಬೆಳಕು ಬಹಳ ಕಡಿಮೆ. ಮೇಲಿನ ಕೊಂಬೆಗಳಲ್ಲಿ ಬೆಳಕು ಧಾರಾಳ, ಪೈಪೋಟಿ ಕಡಿಮೆ. ಆದರೆ ಅಲ್ಲಿ ಮಣ್ಣಿಲ್ಲ, ಮಳೆ ನಿಂತ ಅರ್ಧ ದಿನದಲ್ಲೇ ಬರಗಾಲ. ಅಲ್ಲಿಗೆ ತಲುಪಲು ಗಾಳಿಯಲ್ಲಿ ತೇಲಬಲ್ಲ ಅತಿ ಹಗುರವಾದ ಬೀಜ ಬೇಕು, ತಲುಪಿದ ಮೇಲೆ ಉಳಿಯಲು ನೀರನ್ನು ಕೂಡಿಡುವ ಅಂಗ ಬೇಕು. ಹಗುರ ಬೀಜ ನೆಲದ ಪೂರ್ವಜರ ಕಾಲದಿಂದಲೇ ಬಂದಿತ್ತು. ಉಬ್ಬಿದ ಕಾಂಡ, ದಪ್ಪ ಎಲೆ ಮತ್ತು ವೆಲಾಮೆನ್‌ಗಳು ಉಳಿದ ಕೆಲಸವನ್ನು ವಹಿಸಿಕೊಂಡವು. ಒಂದೇ ಮರದಲ್ಲಿ ಬುಡದ ತೇವದ ತೊಗಟೆ, ನಡುಗೊಂಬೆಯ ಪಾಚಿ, ತುದಿಯ ಬಿಸಿಲು ಬೀಳುವ ರೆಂಬೆ ಎಂದು ಬೇರೆ ಬೇರೆ ನೆಲೆಗಳಿರುವುದರಿಂದ, ಮರ ಏರಿದ ಕವಲುಗಳಲ್ಲಿ ಹೊಸ ಪ್ರಭೇದಗಳು ಹುಟ್ಟುವ ವೇಗವೂ ಹೆಚ್ಚಾಯಿತು.

ತೋಟದ ಬಗ್ಗೆ ಒಂದು ಮಾತು. ನಾನು ಕಂಡಂತೆ ಹಳೆಯ ಕಾಡುಮರಗಳ ನೆರಳಿರುವ ತೋಟಗಳಲ್ಲಿರುವಷ್ಟು ಬಗೆಯ ಸೀತಾಳೆಗಳು ಬರೀ ಸಿಲ್ವರ್ ಓಕ್ ಇರುವ ತೋಟಗಳಲ್ಲಿ ಕಾಣುವುದಿಲ್ಲ. ಮರಗಸಿಯಲ್ಲಿ ಉರುಳಿದ ಕೊಂಬೆಯ ಮೇಲೆ ಸೀತಾಳೆ ಇದ್ದರೆ ಅದನ್ನು ಬೇರು ಮುರಿಯದಂತೆ ಬಿಡಿಸಿ, ಅದೇ ಎತ್ತರದ, ಅಷ್ಟೇ ಬೆಳಕಿರುವ ಮತ್ತೊಂದು ಮರಕ್ಕೆ ಬಾಳೆನಾರಿನಿಂದ ಕಟ್ಟಿಸಿ. ಮಳೆಗಾಲದ ಆರಂಭವಾದರೆ ಅದು ಹಿಡಿದುಕೊಳ್ಳುವ ಸಂಭವ ಹೆಚ್ಚು.

ಪ್ರಶ್ನೆ: ಆರ್ಕಿಡ್‌ಗಳು ಹುಟ್ಟಿದ್ದು 11 ಕೋಟಿ ವರ್ಷಗಳ ಹಿಂದೆ ಎಂದು ಒಂದು ಕಡೆ, 8 ಕೋಟಿ ವರ್ಷ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ? ಪಳೆಯುಳಿಕೆಗಳು ಬಹಳ ಕಡಿಮೆ ಎನ್ನುತ್ತಾರೆ. ಹಾಗಿದ್ದರೆ ಇಷ್ಟು ಖಚಿತವಾಗಿ ಹೇಳುವುದು ಹೇಗೆ? ಗೊಂಡ್ವಾನ ಖಂಡ ಒಡೆದಾಗ ಇವು ಎಲ್ಲೆಡೆ ಹಂಚಿಹೋದವೇ?
(ಬಿ.ಎಸ್‌ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ, ಹಾಸನ)

ಉತ್ತರ: ನೀವು ಓದಿದ ಎರಡು ಅಂಕಿಗಳು ಬಹುಮಟ್ಟಿಗೆ ಎರಡು ಬೇರೆ ಘಟನೆಗಳಿಗೆ ಸೇರಿದವು. ಆರ್ಕಿಡ್ ಕುಟುಂಬವು ಶತಾವರಿ, ಈರುಳ್ಳಿ, ಕತ್ತಾಳೆಗಳಿರುವ ಆಸ್ಪರಾಗೇಲಿಸ್ ಗಣಕ್ಕೆ ಸೇರಿದೆ. ಆ ಗಣದ ಉಳಿದ ಸಸ್ಯಗಳಿಂದ ಆರ್ಕಿಡ್‌ಗಳ ಕವಲು ಬೇರ್ಪಟ್ಟ ಕಾಲ ಒಂದು. ಇಂದು ಬದುಕಿರುವ ಎಲ್ಲ ಆರ್ಕಿಡ್‌ಗಳಿಗೂ ಸಮಾನವಾದ ಕೊನೆಯ ಪೂರ್ವಜ ಬದುಕಿದ್ದ ಕಾಲ ಇನ್ನೊಂದು. 2015ರಲ್ಲಿ ಪ್ರಕಟವಾದ ಗಿವ್ನಿಶ್ ಮತ್ತು ಸಂಗಡಿಗರ ಅಧ್ಯಯನವು ಮೊದಲನೆಯದನ್ನು ಸುಮಾರು 11.2 ಕೋಟಿ ವರ್ಷಗಳ ಹಿಂದಕ್ಕೆ, ಎರಡನೆಯದನ್ನು ಸುಮಾರು 9 ಕೋಟಿ ವರ್ಷಗಳ ಹಿಂದಕ್ಕೆ ಇಟ್ಟಿತು. 2024ರಲ್ಲಿ ಪೆರೆಸ್-ಎಸ್ಕೋಬಾರ್ ಮತ್ತು ಸಂಗಡಿಗರು ಇನ್ನಷ್ಟು ವಿಸ್ತಾರವಾದ ವಂಶವೃಕ್ಷವನ್ನು ರಚಿಸಿ ಎರಡನೆಯ ಘಟನೆಯನ್ನು ಸುಮಾರು 8.3 ಕೋಟಿ ವರ್ಷಗಳ ಹಿಂದಕ್ಕೆ ತಂದರು. ಹೇಗೆ ಲೆಕ್ಕ ಹಾಕಿದರೂ ಡೈನೋಸಾರ್‌ಗಳು ಇನ್ನೂ ಓಡಾಡುತ್ತಿದ್ದ ಕ್ರಿಟೇಷಿಯಸ್ ಯುಗದಲ್ಲೇ ಆರ್ಕಿಡ್‌ಗಳು ಇದ್ದವು ಎಂಬುದರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ.

ಪಳೆಯುಳಿಕೆ ಕಡಿಮೆ ಇರುವುದಕ್ಕೆ ಕಾರಣಗಳಿವೆ. ಇವು ಮೃದು ಕಾಂಡದ ಗಿಡಗಳು. ಬಹುಪಾಲು ಬೆಳೆಯುವುದು ಎಲ್ಲವೂ ಬೇಗ ಕೊಳೆಯುವ ಉಷ್ಣವಲಯದ ಕಾಡಿನಲ್ಲಿ, ಅದೂ ಕೆಸರಿನಿಂದ ದೂರವಾಗಿ ಮರದ ಮೇಲೆ. ಹುಲ್ಲು ಅಥವಾ ಪೈನ್ ಮರಗಳ ಪರಾಗ ಗಾಳಿಯಲ್ಲಿ ಹಾರಿ ಕೆರೆಯ ತಳ ಸೇರಿ ಕಲ್ಲಾಗುತ್ತದೆ. ಆರ್ಕಿಡ್‌ನ ಪರಾಗ ಮುದ್ದೆಗಟ್ಟಿ ಕೀಟದ ಮೈಮೇಲಷ್ಟೇ ಪ್ರಯಾಣ ಮಾಡುತ್ತದೆ. ಆ ಕಾರಣದಿಂದಲೇ ಈ ಕುಟುಂಬದ ಅತಿ ಮುಖ್ಯ ಪಳೆಯುಳಿಕೆ ಒಂದು ಜೇನಿನ ಬೆನ್ನಿನ ಮೇಲೆ ದೊರೆಯಿತು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಸಿಕ್ಕಿದ 1.5ರಿಂದ 2 ಕೋಟಿ ವರ್ಷ ಹಳೆಯ ಅಂಬರ್‌ನಲ್ಲಿ, ಅಂದರೆ ಗಟ್ಟಿಯಾದ ಮರದ ರಾಳದಲ್ಲಿ, ನಮ್ಮ ಮುಜಂಟಿ ಜೇನಿನ ಬಳಗಕ್ಕೆ ಸೇರಿದ, ಕೊಂಡಿಯಿಲ್ಲದ ಒಂದು ಜೇನುನೊಣ ಸಿಲುಕಿಕೊಂಡಿತ್ತು. ಅದರ ಬೆನ್ನಿಗೆ ಆರ್ಕಿಡ್‌ನ ಪರಾಗದ ಮುದ್ದೆ ಅಂಟಿಕೊಂಡೇ ಇತ್ತು. ಹೂವನ್ನು ಯಾರೂ ಕಂಡಿಲ್ಲ, ಆದರೂ ಪರಾಗದ ರಚನೆಯ ಆಧಾರದ ಮೇಲೆ ಆ ಆರ್ಕಿಡ್ ಯಾವ ಗುಂಪಿನದೆಂದು ಗುರುತಿಸಿ, 2007ರಲ್ಲಿ ರಾಮಿರೆಸ್ ಮತ್ತು ಸಂಗಡಿಗರು ಅದಕ್ಕೆ ಮೆಲಿಯಾರ್ಕಿಸ್ ಕೆರಿಬಿಯ ಎಂದು ಹೆಸರಿಟ್ಟರು. ಎರಡು ವರ್ಷಗಳ ಬಳಿಕ ನ್ಯೂಜಿಲೆಂಡಿನ ಒಂದು ಪ್ರಾಚೀನ ಸರೋವರದ ಕೆಸರುಕಲ್ಲಿನಲ್ಲಿ ಡೆಂಡ್ರೋಬಿಯಂ ಎಂಬ ಆರ್ಕಿಡ್ ಕುಲದ ಬಗೆಯ ಎಲೆಗಳ ಪಳೆಯುಳಿಕೆಗಳೂ ವರದಿಯಾದವು. ಅವು 2 ಕೋಟಿ ವರ್ಷಕ್ಕೂ ಹಳೆಯವು.

ಇಂಥ ಪಳೆಯುಳಿಕೆಗಳು ಅಣುಗಡಿಯಾರಕ್ಕೆ ಕಾಲ ಹೊಂದಿಸಲು ನೆರವಾಗುತ್ತವೆ. ಎರಡು ಪ್ರಭೇದಗಳ ಡಿಎನ್‌ಎಗಳ ನಡುವೆ ಎಷ್ಟು ವ್ಯತ್ಯಾಸ ಕೂಡಿಕೊಂಡಿದೆ ಎಂಬುದನ್ನು ಎಣಿಸಿ, ಕಾಲ ತಿಳಿದಿರುವ ಪಳೆಯುಳಿಕೆಗೆ ಅದನ್ನು ತಾಳೆ ಹಾಕಿ, ಉಳಿದ ಕವಲುಗಳ ಕಾಲವನ್ನು ಅಂದಾಜಿಸಲಾಗುತ್ತದೆ. ಇದು ಅಂದಾಜೇ ಆದ್ದರಿಂದ ಅಧ್ಯಯನದಿಂದ ಅಧ್ಯಯನಕ್ಕೆ ಒಂದಿಷ್ಟು ಏರುಪೇರು ಸಹಜ. ಪರೀಕ್ಷೆಯಲ್ಲಿ ಬರೆಯುವಾಗ ವರ್ಷದ ಜೊತೆಗೆ ಅದು ಯಾವ ಘಟನೆಯ ವರ್ಷ ಎಂಬುದನ್ನೂ ಬರೆಯಿರಿ.

ದಕ್ಷಿಣದ ಖಂಡಗಳೂ ಭಾರತವೂ ಒಂದಾಗಿದ್ದ ಗೊಂಡ್ವಾನದ ವಿವರಣೆ ಒಂದು ಕಾಲದಲ್ಲಿ ಆಕರ್ಷಕವಾಗಿ ಕಂಡಿತ್ತು. ಆದರೆ 2024ರ ಅಧ್ಯಯನವು ಇಂದಿನ ಆರ್ಕಿಡ್‌ಗಳ ಸಮಾನ ಪೂರ್ವಜನ ನೆಲೆಯನ್ನು ಉತ್ತರದ ಲಾರೇಷ್ಯಾ ಭೂಭಾಗದಲ್ಲಿ (ಇಂದಿನ ಉತ್ತರ ಅಮೆರಿಕ, ಯುರೋಪ್ ಮತ್ತು ಏಷ್ಯಾದ ಬಹುಭಾಗ) ಗುರುತಿಸುತ್ತದೆ. ಆ ಹೊತ್ತಿಗೆ ಭಾರತವು ಮಡಗಾಸ್ಕರ್‌ನಿಂದ ಬೇರ್ಪಟ್ಟು ಒಂಟಿಯಾಗಿ ಉತ್ತರಕ್ಕೆ ಸಾಗುತ್ತಿದ್ದ ದ್ವೀಪ. ಅದು ಏಷ್ಯಾವನ್ನು ತಲುಪಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಖಂಡಗಳು ಬೇರೆಯಾದ ಬಹುಕಾಲದ ನಂತರವೂ ಆರ್ಕಿಡ್‌ಗಳು ಗಾಳಿಯಲ್ಲಿ ತೇಲುವ ಬೀಜಗಳ ಮೂಲಕ ಸಮುದ್ರಗಳನ್ನು ದಾಟಿವೆ. 1883ರಲ್ಲಿ ಸ್ಫೋಟಗೊಂಡು ಬರಡಾದ ಇಂಡೋನೇಷ್ಯಾದ ಕ್ರಕಟೋವಾ ದ್ವೀಪಕ್ಕೆ ಮತ್ತೆ ಬಂದು ನೆಲೆಸಿದ ಮೊದಮೊದಲ ಸಸ್ಯಗಳಲ್ಲಿ ಆರ್ಕಿಡ್‌ಗಳೂ ಇದ್ದವು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನನಗೆ ಇದಕ್ಕಿಂತ ಮಹತ್ವದ್ದೆಂದು ತೋರುತ್ತದೆ. ಇಂದು ನಾವು ಕಾಣುವ ಪ್ರಭೇದವೈವಿಧ್ಯದ ಬಹುಭಾಗ ಕಳೆದ 50 ಲಕ್ಷ ವರ್ಷಗಳಲ್ಲಿ ಮೂಡಿದ್ದು. ಮನೆತನ ಬಹಳ ಹಳೆಯದು, ಆದರೆ ಈಗ ಮನೆಯಲ್ಲಿ ಓಡಾಡುತ್ತಿರುವವರಲ್ಲಿ ಹೆಚ್ಚಿನವರು ಮೊಮ್ಮಕ್ಕಳು. ಆದ್ದರಿಂದ ಆರ್ಕಿಡ್‌ಗಳು ಇಷ್ಟೊಂದು ಸಂಖ್ಯೆಯಲ್ಲಿರುವುದಕ್ಕೆ ಅವುಗಳ ಪ್ರಾಚೀನತೆಯೇ ಕಾರಣ ಎನ್ನುವಂತಿಲ್ಲ. ಈ ಅಂಕಣದ ಉಳಿದ ಪ್ರಶ್ನೆಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಪ್ರಶ್ನೆ: ಸೀತಾಳೆ ದಂಡೆಯ ಒಣಗಿದ ಕಾಯಿಯೊಳಗಿನ ಬೀಜವನ್ನು ಕುಂಡದಲ್ಲೂ ಮರದ ಕವಲಿನಲ್ಲೂ ಹಾಕಿ ನೋಡಿದೆ. ಒಂದೂ ಮೊಳೆಯಲಿಲ್ಲ. ಲಕ್ಷಗಟ್ಟಲೆ ಬೀಜವಿದ್ದರೂ ಹೀಗೇಕೆ?
(ಗೃಹಿಣಿ, ಸಕಲೇಶಪುರ)

ಉತ್ತರ: ನಿಮ್ಮ ಕೈಯಲ್ಲಿದ್ದ ಬೀಜದಲ್ಲಿ ದೋಷವಿತ್ತೆಂದು ಭಾವಿಸಬೇಡಿ. ಅವರೆಯ ಬೀಜವನ್ನು ಸುಲಿದರೆ ಮೊಳಕೆಗೆ ಬೇಕಾದ ಬುತ್ತಿಯೆಲ್ಲ ಬೇಳೆಯಲ್ಲಿರುತ್ತದೆ. ಆರ್ಕಿಡ್‌ನ ಬೀಜದಲ್ಲಿ ಅಂಥ ಆಹಾರವಿಲ್ಲ. ತೆಳುವಾದ, ಗಾಳಿ ತುಂಬಿದ ಸಿಪ್ಪೆಯೊಳಗೆ ಇನ್ನೂ ಬೇರು-ಎಲೆಗಳೆಂದು ಬೇರ್ಪಡದ ಒಂದು ಸೂಕ್ಷ್ಮ ಭ್ರೂಣ ಇರುತ್ತದೆ, ಅಷ್ಟೇ. ಕೆಲವು ಪ್ರಭೇದಗಳ ಒಂದೇ ಕಾಯಿಯಲ್ಲಿ 10 ಲಕ್ಷಕ್ಕೂ ಹೆಚ್ಚು ಬೀಜಗಳಿರಲು ಸಾಧ್ಯವಾಗಿರುವುದು, ತಾಯಿಗಿಡವು ಒಂದೊಂದು ಬೀಜಕ್ಕೂ ಏನನ್ನೂ ಕಟ್ಟಿ ಕಳುಹಿಸದೆ ಇರುವುದರಿಂದಲೇ.

ಹಾಗಾದರೆ ಮೊಳಕೆಗೆ ಆಹಾರ ಎಲ್ಲಿಂದ? ಶಿಲೀಂಧ್ರದಿಂದ. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಾಡಿನ ನೆಲದಲ್ಲಿ ಒಂದು ಆರ್ಕಿಡ್‌ನ ಮೊಳೆತ ಬೀಜಗಳನ್ನು ಕಂಡು ಪರೀಕ್ಷಿಸಿದಾಗ ಅವುಗಳೊಳಗೆ ಶಿಲೀಂಧ್ರದ ಎಳೆಗಳು ಹೆಣೆದುಕೊಂಡಿದ್ದವು. ಸರಿಯಾದ ಶಿಲೀಂಧ್ರ ಬೀಜದೊಳಗೆ ಪ್ರವೇಶಿಸಿದರೆ ಭ್ರೂಣವು ಅದರ ಎಳೆಗಳನ್ನು ಜೀರ್ಣಿಸಿಕೊಂಡು ಸಕ್ಕರೆ ಪಡೆದು, ಮೊದಲು ಒಂದು ಪುಟ್ಟ ಗಂಟಾಗಿ ಊದಿ, ಬಳಿಕ ಎಲೆ-ಬೇರು ಬಿಡುತ್ತದೆ. ಈ ಅವಲಂಬನೆ ಆರ್ಕಿಡ್ ಕುಟುಂಬದ ಐದೂ ಉಪಕುಟುಂಬಗಳಲ್ಲಿ ಕಂಡುಬರುವುದರಿಂದ, ಇದು ಎಲ್ಲ ಆರ್ಕಿಡ್‌ಗಳ ಪೂರ್ವಜನಿಂದಲೇ ಬಂದ ಬಳುವಳಿಯೆಂದು ತಿಳಿಯಬೇಕು. ಕೆಲವು ಕವಲುಗಳು ಬೆಳೆದು ದೊಡ್ಡದಾದ ಮೇಲೂ ಈ ಆಶ್ರಯವನ್ನು ಬಿಡಲಿಲ್ಲ. ಎಲೆಹಸಿರನ್ನೇ ಕಳೆದುಕೊಂಡು ಬದುಕಿಡೀ ಶಿಲೀಂಧ್ರದಿಂದಲೇ ಉಣ್ಣುವ ಆರ್ಕಿಡ್‌ಗಳಿವೆ. 1928ರಲ್ಲಿ ಆಸ್ಟ್ರೇಲಿಯಾದಲ್ಲಿ ಪತ್ತೆಯಾದ ರೈಜಾಂತೆಲ್ಲ ಹೂಬಿಡುವುದೂ ಮಣ್ಣಿನೊಳಗೇ.

ನಿಮ್ಮ ಮರದ ಕವಲಿನಲ್ಲಿ ಆ ಶಿಲೀಂಧ್ರ ಇರಲಿಲ್ಲ, ಅಥವಾ ಇದ್ದರೂ ತೇವ ಸಾಲಲಿಲ್ಲ. ಈಗಾಗಲೇ ಸೀತಾಳೆ ಹುಲುಸಾಗಿ ಬೆಳೆದಿರುವ ಮರದ, ಅದರ ಬೇರುಗಳು ಹಬ್ಬಿರುವ ತೊಗಟೆಯ ಮೇಲೆಯೇ ಮಳೆಗಾಲದ ಆರಂಭದಲ್ಲಿ ಬೀಜ ಉದುರಿಸಿ ನೋಡಿ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯಿಂದ ತೆಗೆದ ಲೋಳೆ) ಮೇಲೆ ಆರ್ಕಿಡ್ ಬೀಜ ಮೊಳೆಸುವ ವಿಧಾನ ಕಂಡುಹಿಡಿದರು. ನರ್ಸರಿಗಳಲ್ಲಿ ಇಂದು ಬಾಟಲಿಯೊಳಗೆ ಸಸಿ ಬೆಳೆಸುವುದಕ್ಕೆ ಅದೇ ಮೂಲ.

ಪ್ರಶ್ನೆ: ಒಂದೊಂದು ಆರ್ಕಿಡ್‌ಗೂ ಒಂದೊಂದೇ ಕೀಟ ಎಂಬುದು ನಿಜವೇ? ಅಷ್ಟೊಂದು ಪ್ರಭೇದಗಳಾಗಲು ಕೀಟಗಳೇ ಕಾರಣವೇ? ಮಕ್ಕಳಿಗೆ ತೋರಿಸಿ ವಿವರಿಸುವಂತೆ ತಿಳಿಸಿ.
(ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಬೇಲೂರು)

ಉತ್ತರ: ಮೊದಲು ತೋರಿಸುವ ಕೆಲಸ. ಸೀತಾಳೆ ದಂಡೆಯ ಗೊಂಚಲಿನಿಂದ ಹೊಸದಾಗಿ ಅರಳಿದ ಒಂದೇ ಒಂದು ಹೂವನ್ನು ತೆಗೆದುಕೊಳ್ಳಿ. ಹೊರಗಿನ ಮೂರು ಮತ್ತು ಒಳಗಿನ ಎರಡು ಎಸಳುಗಳು ಬಿಳಿಯಾಗಿ, ನೇರಳೆ ಗುಲಾಬಿ ಚುಕ್ಕೆಗಳಿಂದ ಕೂಡಿರುತ್ತವೆ. ಒಳಗಿನ ಮೂರನೆಯ ಎಸಳು ಮಾತ್ರ ಬೇರೆಯೇ ಆಕಾರದ್ದು, ಗಾಢ ಬಣ್ಣದ್ದು. ಅದರ ಹಿಂಬದಿ ಚೀಲದಂತೆ ಚಾಚಿಕೊಂಡಿದೆ. ಇದನ್ನು ತುಟಿ ಎನ್ನುತ್ತಾರೆ. ಕೀಟ ಬಂದು ಇಳಿಯುವ ಜಾಗ ಇದು. ಈಗ ಹೂವಿನ ನಡುವೆ ಮೊಂಡಾಗಿ ನಿಂತ ಪುಟ್ಟ ಕಂಬವನ್ನು ನೋಡಿ. ದಾಸವಾಳದಲ್ಲಿ ಎಣಿಸಿದಂತೆ ಇಲ್ಲಿ ಕೇಸರಗಳನ್ನೂ ಶಲಾಕೆಯನ್ನೂ ಬೇರೆ ಬೇರೆಯಾಗಿ ಎಣಿಸಲಾಗದು, ಗಂಡು ಮತ್ತು ಹೆಣ್ಣು ಭಾಗಗಳು ಒಂದಾಗಿ ಬೆಸೆದಿವೆ. ಚೂಪು ಮಾಡಿದ ಪೆನ್ಸಿಲಿನ ತುದಿಯನ್ನು ತುಟಿಯ ಮೇಲಿನಿಂದ ಒಳಗೆ ತೂರಿಸಿ, ಕಂಬದ ತುದಿಗೆ ತಾಗಿಸಿ ಮೆಲ್ಲನೆ ಹೊರಗೆಳೆಯಿರಿ. ಒಂದು ಸಣ್ಣ ಮುಚ್ಚಳ ಕಳಚಿ, ಪೆನ್ಸಿಲಿನ ತುದಿಗೆ ಎಳೆಯಂಥ ತೊಟ್ಟಿನ ಮೇಲೆ ಎರಡು ಹಳದಿ ಗುಂಡುಗಳು ಅಂಟಿಕೊಂಡು ಬರುತ್ತವೆ. ಮೊದಲ ಸಲ ಬಾರದಿದ್ದರೆ ಮತ್ತೊಮ್ಮೆ ಪ್ರಯತ್ನಿಸಿ. ಹೂವಿನ ಪರಾಗವೆಲ್ಲ ಆ ಎರಡು ಗುಂಡುಗಳಲ್ಲೇ ಇದೆ. ಅದನ್ನು ಪರಾಗಪಿಂಡ ಎನ್ನುತ್ತಾರೆ.

ಇದು ಎಷ್ಟು ದೊಡ್ಡ ಪಣ ಎಂಬುದನ್ನು ಮಕ್ಕಳಿಗೆ ವಿವರಿಸಬೇಕು. ಬೇರೆ ಹೂಗಳು ಪರಾಗವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಕೀಟಗಳ ಮೈಗೆ ಸವರುತ್ತವೆ. ಈ ಹೂವು ಎಲ್ಲವನ್ನೂ ಒಂದೇ ಕೀಟಕ್ಕೆ, ಒಂದೇ ಭೇಟಿಯಲ್ಲಿ ಒಪ್ಪಿಸುತ್ತದೆ. ಆ ಕೀಟ ಅದೇ ಪ್ರಭೇದದ ಮತ್ತೊಂದು ಹೂವಿಗೆ ಹೋಗದಿದ್ದರೆ ಎಲ್ಲವೂ ವ್ಯರ್ಥ. ಹೋದರೆ ಸಾವಿರಾರು, ಲಕ್ಷಾಂತರ ಅಂಡಕಗಳು ಒಮ್ಮೆಲೇ ಫಲಿತವಾಗುತ್ತವೆ. ಎಷ್ಟೋ ಆರ್ಕಿಡ್‌ಗಳಲ್ಲಿ ಪರಾಗ ಬಂದು ಸೇರಿದ ಮೇಲೆಯೇ ಅಂಡಕಗಳು ಪೂರ್ಣವಾಗಿ ರೂಪುಗೊಳ್ಳಲು ಆರಂಭಿಸುತ್ತವೆ. ಸಕಲೇಶಪುರದ ಓದುಗರಿಗೆ ಹೇಳಿದ ಸೂಕ್ಷ್ಮ ಬೀಜಗಳಿಗೂ ಈ ಪರಾಗಪಿಂಡಕ್ಕೂ ಹೀಗೆ ನೇರ ಸಂಬಂಧವಿದೆ. ಒಂದು ಇಲ್ಲದಿದ್ದರೆ ಇನ್ನೊಂದಕ್ಕೆ ಪ್ರಯೋಜನ ಕಡಿಮೆ.

ಈ ರಚನೆ ಒಮ್ಮೆಲೇ ಬಂದದ್ದಲ್ಲ ಎಂಬುದಕ್ಕೆ ಜೀವಂತ ಸಾಕ್ಷಿಗಳಿವೆ. ಏಷ್ಯಾದಿಂದ ಆಸ್ಟ್ರೇಲಿಯಾದವರೆಗಿನ ಕಾಡುಗಳಲ್ಲಿ ಬೆಳೆಯುವ ಅಪೊಸ್ಟೇಸಿಯಾ ಮತ್ತು ನ್ಯೂವೀಡಿಯಾ ಕುಲಗಳು ಉಳಿದೆಲ್ಲ ಆರ್ಕಿಡ್‌ಗಳಿಂದ ಮೊದಲು ಕವಲೊಡೆದ ಉಪಕುಟುಂಬಕ್ಕೆ ಸೇರಿವೆ. ಅವುಗಳ ಹೂವಿನಲ್ಲಿ ತುಟಿಯೆಂದು ಎದ್ದು ಕಾಣುವ ಎಸಳಿಲ್ಲ, ಪರಾಗ ಪುಡಿಯಾಗಿಯೇ ಇದೆ, ಕೇಸರಗಳು ಎರಡು ಅಥವಾ ಮೂರು. 2017ರಲ್ಲಿ ಅಪೊಸ್ಟೇಸಿಯಾದ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ಣ ಸಂಗ್ರಹವನ್ನು, ಓದಿದಾಗ, ಹೂವಿನ ಭಾಗಗಳನ್ನು ರೂಪಿಸುವ ಕೆಲವು ಜೀನ್‌ಗಳ ಪ್ರತಿಗಳು ಅದರಲ್ಲಿ ಕಡಿಮೆಯಿರುವುದು ತಿಳಿಯಿತು. ಉಳಿದ ಆರ್ಕಿಡ್‌ಗಳಲ್ಲಿ ಆ ಪ್ರತಿಗಳು ಹೆಚ್ಚಾಗಿ, ಒಂದೊಂದೂ ಬೇರೆ ಬೇರೆ ಎಸಳಿನ ಹೊಣೆ ಹೊತ್ತಿವೆ. ಎಲ್ಲ ಆರ್ಕಿಡ್‌ಗಳೂ ಕವಲೊಡೆಯುವ ಮೊದಲೇ ಅವುಗಳ ಪೂರ್ವಜನಲ್ಲಿ ಇಡೀ ಜೀನೋಮ್ ಒಮ್ಮೆ ದುಪ್ಪಟ್ಟಾಗಿತ್ತು ಎಂಬುದೂ ಅದೇ ಅಧ್ಯಯನದಿಂದ ಹೊರಬಂತು.

ಇನ್ನು ಒಂದು ಹೂವಿಗೆ ಒಂದೇ ಕೀಟ ಎಂಬ ಮಾತು. ಅದು ಹಲವು ಆರ್ಕಿಡ್‌ಗಳಿಗೆ ಅನ್ವಯಿಸುತ್ತದೆ, ಎಲ್ಲಕ್ಕೂ ಅಲ್ಲ. ಇದರ ಪ್ರಸಿದ್ಧ ನಿದರ್ಶನ ಡಾರ್ವಿನ್ನರದು. ಮಡಗಾಸ್ಕರ್‌ನ ಅಂಗ್ರೇಕಮ್ ಎಂಬ ಬಿಳಿ ಆರ್ಕಿಡ್‌ನ ಮಕರಂದದ ಕೊಳವೆ ಸುಮಾರು 30 ಸೆಂಟಿಮೀಟರ್ ಉದ್ದವಿದ್ದು, ತುದಿಯಲ್ಲಷ್ಟೇ ಮಕರಂದವಿರುವುದನ್ನು ಕಂಡು, ಅಷ್ಟುದ್ದದ ನಾಲಿಗೆಯ ಪತಂಗವೊಂದು ಅಲ್ಲಿ ಇರಲೇಬೇಕೆಂದು ಅವರು 1862ರಲ್ಲಿ ಬರೆದರು. ಅಂಥ ಪತಂಗವನ್ನು ವಿಜ್ಞಾನಿಗಳು ವರ್ಣಿಸಿದ್ದು 1903ರಲ್ಲಿ, ಡಾರ್ವಿನ್ ತೀರಿಕೊಂಡು 21 ವರ್ಷಗಳ ನಂತರ. ನಮ್ಮ ಘಟ್ಟದ ಪೆಕ್ಟೈಲಿಸ್ ಎಂಬ ದೊಡ್ಡ ಬಿಳಿ ನೆಲ-ಆರ್ಕಿಡ್‌ನಲ್ಲಿಯೂ ಬೆರಳಿಗಿಂತ ಉದ್ದದ ಮಕರಂದ ಕೊಳವೆಯನ್ನು ನೋಡಬಹುದು.

ಎಲ್ಲ ಆರ್ಕಿಡ್‌ಗಳೂ ಮಕರಂದ ಕೊಡುವುದಿಲ್ಲ. ಸುಮಾರು ಮೂರನೇ ಒಂದು ಭಾಗದಷ್ಟು ಪ್ರಭೇದಗಳು ಕೀಟಕ್ಕೆ ಏನನ್ನೂ ಕೊಡದೆ ಕೆಲಸ ಮಾಡಿಸಿಕೊಳ್ಳುತ್ತವೆ. ಯುರೋಪಿನ ಆಫ್ರಿಸ್ ಕುಲದ ಹೂಗಳು ಹೆಣ್ಣು ಕೀಟದ ರೂಪವನ್ನೂ ವಾಸನೆಯನ್ನೂ ಅನುಕರಿಸಿ ಗಂಡು ಕೀಟವನ್ನು ಸೆಳೆಯುತ್ತವೆ ಎಂಬ ಸಂಗತಿ 1916ರಲ್ಲೇ ವರದಿಯಾಗಿತ್ತು. ಆ ವಾಸನೆಯಲ್ಲಿ ಅಲ್ಪ ವ್ಯತ್ಯಾಸವಾದರೂ ಬೇರೆ ಕೀಟ ಬರುತ್ತದೆ, ಹಳೆಯ ಬಂಧುಗಳೊಡನೆ ಪರಾಗ ವಿನಿಮಯ ನಿಲ್ಲುತ್ತದೆ, ಕಾಲಕ್ರಮದಲ್ಲಿ ಹೊಸ ಪ್ರಭೇದ ರೂಪುಗೊಳ್ಳುತ್ತದೆ. ಹೀಗಿರುವುದರಿಂದ ವಂಚನೆಯೇ ಪ್ರಭೇದಗಳ ಹೆಚ್ಚಳಕ್ಕೆ ಮುಖ್ಯ ಕಾರಣವೆಂದು ಬಹಳ ಮಂದಿ ಊಹಿಸುತ್ತಾರೆ. ಆದರೆ ಮೇಲೆ ಹೇಳಿದ 2015ರ ಅಧ್ಯಯನವು ಅದನ್ನು ಅಳೆದು ನೋಡಿದಾಗ, ವಂಚಕ ಹೂಗಳಿಂದ ಪ್ರಭೇದಗಳ ಸಂಖ್ಯೆ ಹೆಚ್ಚಿದೆಯಾದರೂ ಕವಲೊಡೆಯುವ ವೇಗ ಅದರಿಂದ ಹೆಚ್ಚಲಿಲ್ಲವೆಂದು ಕಂಡುಬಂತು. ವೇಗ ಹೆಚ್ಚಿದ್ದು ಪರಾಗಪಿಂಡ, ಮರವಾಸ, ಬರ ತಾಳುವ ದ್ಯುತಿಸಂಶ್ಲೇಷಣೆ, ಚಿಟ್ಟೆ-ಪತಂಗಗಳ ಹಾಗೂ ಅಮೆರಿಕದ ಆರ್ಕಿಡ್-ಜೇನುಗಳ ಸಖ್ಯ ಮತ್ತು ಉಷ್ಣವಲಯದ ಉದ್ದನೆಯ ಪರ್ವತಶ್ರೇಣಿಗಳಲ್ಲಿನ ವಾಸ, ಇವುಗಳೊಂದಿಗೆ. ನಿಮ್ಮ ಪ್ರಶ್ನೆಗೆ ನೇರ ಉತ್ತರವೆಂದರೆ: ಕೀಟಗಳು ಕಾರಣ, ಆದರೆ ಕೀಟಗಳಷ್ಟೇ ಅಲ್ಲ. ಬೆಟ್ಟದ ಒಂದು ಮಗ್ಗುಲಿನ ಮಂಜಿಗೂ ಇನ್ನೊಂದು ಮಗ್ಗುಲಿನ ಬಿಸಿಲಿಗೂ ಇರುವ ಅಂತರ, ನಡುವಿನ ಕಣಿವೆ, ಮರದ ಎತ್ತರ, ಸಿಗುವ ಶಿಲೀಂಧ್ರ, ಇವೆಲ್ಲ ಸೇರಿ ಒಂದೇ ಪ್ರಭೇದದ ಗಿಡಗಳ ಗುಂಪನ್ನು ಹಲವಾಗಿ ಒಡೆದಿವೆ. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಮಂಜುಗಾಡುಗಳಲ್ಲಿ ಲೆಪಾಂಥಿಸ್ ಎಂಬ ಒಂದೇ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವುದು ಇವೆಲ್ಲ ಒಟ್ಟಾಗಿ ಕೆಲಸ ಮಾಡಿದ್ದರ ಫಲ.

ಪ್ರಶ್ನೆ: ವೆನಿಲಾ ಸಹ ಆರ್ಕಿಡ್ ಎನ್ನುತ್ತಾರೆ. ಬೆಲೆ ಇದ್ದ ಕಾಲದಲ್ಲಿ ನಾವೂ ಬೆಳೆದಿದ್ದೆವು. ಬೆಳಿಗ್ಗೆ ಎದ್ದು ಒಂದೊಂದು ಹೂವಿಗೂ ಕೈಯಿಂದ ಪರಾಗಸ್ಪರ್ಶ ಮಾಡಬೇಕಾಗಿತ್ತು. ಅದಕ್ಕೇಕೆ ನಮ್ಮ ಜೇನು ಸಾಲಲಿಲ್ಲ?
(ಕೃಷಿಕರು, ಕೊಪ್ಪ)

ಉತ್ತರ: ಹೌದು, ವೆನಿಲಾ ಆರ್ಕಿಡ್ಡೇ, ಅದೂ ಬಹಳ ಮೊದಲೇ ಕವಲೊಡೆದ ಉಪಕುಟುಂಬದ್ದು. ನೀವು ಬೆಳೆದದ್ದು ಮೆಕ್ಸಿಕೊ ಮೂಲದ ಬಳ್ಳಿ. ನೀವು ಕಡ್ಡಿಯಿಂದ ಎತ್ತುತ್ತಿದ್ದ ಆ ತೆಳ್ಳನೆಯ ಪರದೆ ನೆನಪಿರಬೇಕು. ಪರಾಗ ಒಂದು ಕಡೆ, ಅದನ್ನು ಸ್ವೀಕರಿಸುವ ಅಂಟು ಭಾಗ ಇನ್ನೊಂದು ಕಡೆ ಇದ್ದು, ನಡುವೆ ಅದು ಅಡ್ಡವಾಗಿರುತ್ತದೆ. ಹೂವು ತನ್ನದೇ ಪರಾಗದಿಂದ ಫಲಿತವಾಗದಂತೆ ತಡೆಯುವ ಏರ್ಪಾಡು ಅದು. ತಾಯ್ನಾಡಿನಲ್ಲಿ ಅದರ ಹೂವಿಗೆ ಹೊಂದುವ ಮೈಕಟ್ಟಿನ ಜೇನುಗಳಿವೆ. ಬಳ್ಳಿ ಸಮುದ್ರ ದಾಟಿತು, ಜೇನು ದಾಟಲಿಲ್ಲ. ಆ ಪರದೆಯನ್ನು ಕಡ್ಡಿಯಿಂದ ಎತ್ತಿ ಬೆರಳಿನಿಂದ ಒತ್ತುವ ಸುಲಭ ವಿಧಾನವನ್ನು 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ತೋರಿಸಿಕೊಟ್ಟವನು ಎಡ್ಮಂಡ್ ಆಲ್ಬಿಯಸ್, ಗುಲಾಮಗಿರಿಯಲ್ಲಿ ಹುಟ್ಟಿದ 12 ವರ್ಷದ ಹುಡುಗ. ಕೊಪ್ಪದ ತೋಟದಲ್ಲಿ ನೀವು ಮಾಡಿದ್ದೂ ಅವನ ವಿಧಾನವನ್ನೇ.

ವೆನಿಲಾದ ಬೀಜವನ್ನೂ ನೀವು ನೋಡಿರುತ್ತೀರಿ. ಕೋಡನ್ನು ಸೀಳಿದಾಗ ಸಿಗುವ ಗಟ್ಟಿ ಕಪ್ಪು ಕಾಳುಗಳು ಅವು. ಉಳಿದ ಆರ್ಕಿಡ್‌ಗಳ ತೇಲುವ ಬೀಜಕ್ಕಿಂತ ಇದು ಬೇರೆ ದಾರಿ ಹಿಡಿದ ಕವಲೆಂಬುದು ಅದರಿಂದಲೇ ತಿಳಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಮುಳ್ಳಯ್ಯನಗಿರಿಯ ಹುಲ್ಲಿನ ನಡುವೆ ನೆಲದಿಂದಲೇ ಎದ್ದ ಬಿಳಿ ಹೂವಿನ ಆರ್ಕಿಡ್‌ಗಳನ್ನು ಕಂಡೆ. ನೆಲದ ಇವು ಮರದವುಗಳಿಗಿಂತ ಹಳೆಯವೇ?
(ಚಾರಣಾಸಕ್ತರು, ಚಿಕ್ಕಮಗಳೂರು)

ಉತ್ತರ: ನೀವು ಕಂಡದ್ದು ಬಹುಶಃ ಹಬೆನೇರಿಯ ಕುಲದವು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಇವು ಮಣ್ಣಿನೊಳಗಿನ ಗೆಡ್ಡೆಯಾಗಿ ಉಳಿದು, ಮಳೆ ಬಂದೊಡನೆ ಚಿಗುರಿ ಹೂಬಿಟ್ಟು ಬೀಜ ಚೆಲ್ಲಿ ಮತ್ತೆ ಅಡಗುತ್ತವೆ. ನೆಲದಲ್ಲಿವೆ ಎಂದ ಮಾತ್ರಕ್ಕೆ ಇವನ್ನು ಮರದವುಗಳ ಪೂರ್ವಜರೆನ್ನಲಾಗದು. ಹಬೆನೇರಿಯಗಳ ಉಪಕುಟುಂಬವೂ ಸೀತಾಳೆಗಳ ಉಪಕುಟುಂಬವೂ ಒಂದೇ ಕವಲಿನಿಂದ ಒಟ್ಟಿಗೆ ಬೇರೆಯಾದವು, ಆದ್ದರಿಂದ ಎರಡಕ್ಕೂ ಸಮಾನ ವಯಸ್ಸು. ಮರ ಏರಿದ ಬಳಿಕ ಮತ್ತೆ ನೆಲಕ್ಕೆ ಇಳಿದು ಬಂದ ಕವಲುಗಳೂ ಇವೆ.

ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿ ಸಟೀರಿಯಮ್ ನೇಪಾಲೆನ್ಸ್ ಎಂಬ ಗುಲಾಬಿ ಹೂವಿನದೊಂದು ಇದೆ. ಮುಂದಿನ ಸಲ ಕಂಡರೆ ಒಂದನ್ನು ಗಮನಿಸಿ. ಬಹುತೇಕ ಆರ್ಕಿಡ್‌ಗಳ ಮೊಗ್ಗು ಅರಳುವ ಮುನ್ನ ತೊಟ್ಟಿನಲ್ಲಿ ಅರ್ಧ ಸುತ್ತು ತಿರುಗುವುದರಿಂದ ತುಟಿ ಕೆಳಗೆ ಬರುತ್ತದೆ. ಸಟೀರಿಯಮ್‌ನಲ್ಲಿ ಆ ತಿರುವಿಲ್ಲದೆ ತುಟಿ ಮೇಲೆಯೇ ಇರುತ್ತದೆ, ಅದಕ್ಕೆ ಎರಡು ಕೊಂಬುಗಳಿರುತ್ತವೆ. ಈ ಕುಲದ ಬಹುಪಾಲು ಪ್ರಭೇದಗಳು ಇರುವುದು ಆಫ್ರಿಕಾದಲ್ಲಿ.

ಪ್ರಶ್ನೆ: ನಮ್ಮದು ಒಣ ಸೀಮೆ. ಆರ್ಕಿಡ್ ಎಂದರೆ ಮಲೆನಾಡಿನ ಗಿಡವೆಂದೇ ತಿಳಿದಿದ್ದೇವೆ. ಇಲ್ಲಿ ಯಾವುದಾದರೂ ಇರಬಹುದೇ?
(ನಿವೃತ್ತ ನೌಕರರು, ಅರಸೀಕೆರೆ)

ಉತ್ತರ: ಹಳೆಯ ಮಾವಿನ ತೋಪುಗಳಲ್ಲಿ ಹುಡುಕಿ. ದಕ್ಷಿಣ ಭಾರತದ ಒಳನಾಡಿನ ಒಣ ಪ್ರದೇಶಗಳಲ್ಲಿ ವ್ಯಾಂಡಾ ಟೆಸೆಲಾಟ ಎಂಬ ಸೀತಾಳೆ ಮಾವು ಮೊದಲಾದ ಮರಗಳ ಮೇಲೆ ಬೆಳೆಯುತ್ತದೆ. ದಪ್ಪ ಎಲೆ, ಹಳದಿ ಮಿಶ್ರಿತ ಕಂದು ಬಣ್ಣದ ಚೌಕುಳಿ ಹೂವು, ನೀಲಿ ಛಾಯೆಯ ತುಟಿ. ಇಂಥವು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿ, ರಾತ್ರಿ ತಂಪಾದಾಗ ತೆರೆದು ಇಂಗಾಲದ ಡೈಆಕ್ಸೈಡನ್ನು ಕೂಡಿಟ್ಟುಕೊಂಡು, ಹಗಲಿನ ಬೆಳಕಿನಲ್ಲಿ ಅದನ್ನು ಬಳಸುತ್ತವೆ. ಬೇಲೂರಿನ ಶಿಕ್ಷಕರಿಗೆ ಬರೆದ ಉತ್ತರದಲ್ಲಿ ಬರ ತಾಳುವ ದ್ಯುತಿಸಂಶ್ಲೇಷಣೆ ಎಂದದ್ದು ಇದನ್ನೇ.

ಪ್ರಶ್ನೆ: ಅಸ್ಸಾಂನಲ್ಲಿ ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುವ ಕಪೌ ಹೂವಿನ ಚಿತ್ರ ನೋಡಿದೆ. ಅದು ನಮ್ಮ ಸೀತಾಳೆ ದಂಡೆಯಂತೆಯೇ ಇದೆ. ಎರಡೂ ಒಂದೇ ಪ್ರಭೇದವೇ? ಅಷ್ಟು ದೂರದಲ್ಲಿದ್ದೂ ಬೇರೆಯಾಗದೆ ಉಳಿದದ್ದು ಹೇಗೆ?
(ಓದುಗರು, ಶೃಂಗೇರಿ)

ಉತ್ತರ: ಒಂದೇ. ರಿಂಕೊಸ್ಟೈಲಿಸ್ ರೆಟ್ಯೂಸ ಎಂಬ ಈ ಪ್ರಭೇದ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪ. ಶ್ರೀಲಂಕಾ ಮತ್ತು ಪಶ್ಚಿಮ ಘಟ್ಟದಿಂದ ಹಿಮಾಲಯದ ತಪ್ಪಲಿನ ಮೂಲಕ ಫಿಲಿಪ್ಪೀನ್ಸ್‌ವರೆಗೂ ಅದು ಹಬ್ಬಿದೆ. ನಿಮ್ಮ ಎರಡನೆಯ ಪ್ರಶ್ನೆ ಸೊಗಸಾಗಿದೆ, ಏಕೆಂದರೆ ಆರ್ಕಿಡ್‌ಗಳ ಬಗ್ಗೆ ಮಾತನಾಡುವವರು ಕವಲೊಡೆದ ಕುಲಗಳನ್ನಷ್ಟೇ ಎಣಿಸುತ್ತಾರೆ. ಒಟ್ಟು ಸುಮಾರು 28,000 ಪ್ರಭೇದಗಳಿರುವ ಈ ಕುಟುಂಬದಲ್ಲಿ ಬಲ್ಬೋಫಿಲಮ್ ಕುಲ ಒಂದರಲ್ಲೇ ಸುಮಾರು 2,000 ಪ್ರಭೇದಗಳಿವೆ. ರಿಂಕೊಸ್ಟೈಲಿಸ್ ಕುಲದಲ್ಲಿ ಇರುವುದು ಬೆರಳೆಣಿಕೆಯಷ್ಟು. ಬಲ್ಬೋಫಿಲಮ್‌ಗಳಲ್ಲಿ ಹೆಚ್ಚಿನವು ತೇವದ ಮಲೆಗಾಡುಗಳ ಚಿಕ್ಕ ಚಿಕ್ಕ ನೆಲೆಗಳಿಗೆ ಅಂಟಿಕೊಂಡವು. ಅಂಥ ನೆಲೆ ಬಿಟ್ಟು ಪಕ್ಕದ ಬೆಟ್ಟಕ್ಕೆ ಹೋಗಿ ನೆಲೆಸುವುದು ಅಪರೂಪ, ಹೋದರೆ ಅಲ್ಲಿ ಅದು ಬೇರೆಯಾಗಿಯೇ ಬೆಳೆಯುತ್ತದೆ. ಸೀತಾಳೆ ದಂಡೆ ಹಾಗಲ್ಲ. ಅದು ತೋಟದ ಹಲಸಿನ ಮೇಲೂ, ರಸ್ತೆಬದಿಯ ಸಾಲುಮರದ ಮೇಲೂ, ಎಲೆ ಉದುರುವ ಕಾಡಿನಲ್ಲೂ ಬದುಕಬಲ್ಲದು. ಎಲ್ಲೆಡೆ ನೆಲೆಸಬಲ್ಲ ಗಿಡದ ಬೇರೆ ಬೇರೆ ಗುಂಪುಗಳ ನಡುವೆ ಬೀಜವೂ ಪರಾಗವೂ ಹೋಗಿ ಬರುತ್ತಲೇ ಇರುತ್ತವೆ, ಆದ್ದರಿಂದ ಅವು ಬೇರೆಯಾಗಲು ಅವಕಾಶ ಕಡಿಮೆ. ಶೃಂಗೇರಿಯದಕ್ಕೂ ಅಸ್ಸಾಮಿನದಕ್ಕೂ ಒಂದು ವ್ಯತ್ಯಾಸವನ್ನಂತೂ ನೀವು ಕಾಣಬಹುದು: ಅಲ್ಲಿ ಅದು ಏಪ್ರಿಲ್‌ನ ಬಿಹುವಿನ ಹೊತ್ತಿಗೆ ಅರಳುತ್ತದೆ, ನಮ್ಮಲ್ಲಿ ಮುಂಗಾರಿನ ಅಂಚಿನಲ್ಲಿ.